ಕಲ್ಲಿನ ಮೇಲಿನ ದಿನಾಂಕ ಓದಿ, ಆಮೇಲೆ ಕಟ್ಟಡ ನೋಡಿ

ಪ್ರಶ್ನೆ: ನಾನು ಇಳಕಲ್ಲಿನ ನಿವೃತ್ತ ಶಾಲಾ ಶಿಕ್ಷಕ. ಮಗಳು, ಅಳಿಯ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇದ್ದಾರೆ. ಏಪ್ರಿಲ್ ಕೊನೆಗೆ ನಾನೂ ನಮ್ಮ ಮನೆಯವರೂ ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಟಿದ್ದೇವೆ. ಮಗಳು ಕಳಿಸುವ ಫೋಟೊಗಳಲ್ಲಿ ಯಾವ ದೊಡ್ಡ ಕಟ್ಟಡ ನೋಡಿದರೂ ಎಲ್ಲೋ ಒಂದು ಫಲಕ, ಅದರ ಮೇಲೆ ರಾಣಿ ಎಲಿಜಬೆತ್ ಹೆಸರು. ಆ ಊರನ್ನು ಇಂಗ್ಲೆಂಡಿನ ಅರಮನೆಯವರೇ ಕಟ್ಟಿಸಿದರೇ? ಅಷ್ಟು ಸಲ ಅವರು ಅಲ್ಲಿಗೆ ಬಂದದ್ದೇಕೆ? ನಾವು ಹೋದಾಗ ಏನನ್ನು ಗಮನಿಸಬೇಕು? ತಾವು ಬಾಗಲಕೋಟೆಯ ನವನಗರದ ನಕ್ಷೆಯ ಕೆಲಸದಲ್ಲಿ ಇದ್ದವರು, ಒಮ್ಮೆ ಕ್ಯಾನ್‌ಬೆರಾ ನೋಡಿಕೊಂಡೂ ಬಂದವರು ಎಂದು ಕೇಳಿ ಬರೆಯುತ್ತಿದ್ದೇನೆ.

ಉತ್ತರ: ಮಾಸ್ತರರೇ, ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಇಲ್ಲ, ಅವರು ಕಟ್ಟಿಸಲಿಲ್ಲ. ಜಾಗ ಆರಿಸಿದ್ದು ಆಸ್ಟ್ರೇಲಿಯಾದ ಸಂಸತ್ತು, ದುಡ್ಡು ಅಲ್ಲಿಯ ಜನರದು, ನಕ್ಷೆ ಬರೆದವರು ಅಮೆರಿಕದ ಶಿಕಾಗೋದ ಗಂಡ ಹೆಂಡತಿ. ನಮ್ಮ ಊರುಗಳಲ್ಲಿ ಗುಡಿ ಕಟ್ಟುವವರು ಊರಿನವರು, ಕಳಸಾರೋಹಣಕ್ಕೆ ಬರುವವರು ಸ್ವಾಮಿಗಳು. ಆದರೆ ಗೋಡೆಯ ಕಲ್ಲಿನಲ್ಲಿ ಯಾರ ಹೆಸರು ಮೊದಲು ಇರುತ್ತದೆ ಎಂಬುದು ನಿಮಗೆ ಗೊತ್ತು. ಕ್ಯಾನ್‌ಬೆರಾದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ.

ಎರಡನೆಯ ಪ್ರಶ್ನೆ ಸ್ವಲ್ಪ ಉದ್ದ. ಅದಕ್ಕೆ ಮೊದಲು ನಿಮ್ಮ ಮಗ್ಗುಲಲ್ಲೇ ಇರುವ ಪಟ್ಟದಕಲ್ಲನ್ನು ನೆನೆಸಿಕೊಳ್ಳಿ. ಚಾಲುಕ್ಯರ ರಾಜಧಾನಿ ಬಾದಾಮಿ. ಕೋಟೆ, ಆಡಳಿತ ಎಲ್ಲ ಅಲ್ಲಿ. ಪಟ್ಟಾಭಿಷೇಕಕ್ಕೆ ಮಾತ್ರ ಮಲಪ್ರಭೆಯ ದಂಡೆಯ ಈ ಊರಿಗೆ ಬರುತ್ತಿದ್ದರು, ಹೆಸರೇ ಹೇಳುವ ಹಾಗೆ. ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಎತ್ತಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ರಾಜರು ವಾಸಕ್ಕಲ್ಲ, ವಿಧಿಗಾಗಿ ಬರುವ ಊರು ಎಂಬುದು ನಮಗೆ ಹೊಸದಲ್ಲ. ಕ್ಯಾನ್‌ಬೆರಾ ಬಾದಾಮಿಯೂ ಹೌದು, ಪಟ್ಟದಕಲ್ಲೂ ಹೌದು. ಆಡಳಿತ ಅಲ್ಲೇ ನಡೆಯುತ್ತದೆ, ಆದರೆ ದೊರೆ ಹನ್ನೆರಡು ತಿಂಗಳೂ ಇರುವುದು ಲಂಡನ್ನಿನಲ್ಲಿ. ಆಸ್ಟ್ರೇಲಿಯಾ ಇಂದಿಗೂ ಬ್ರಿಟನ್ನಿನ ರಾಜನನ್ನೇ ತನ್ನ ರಾಜನೆಂದು ಒಪ್ಪಿಕೊಂಡಿರುವ ದೇಶ. ಅವನ ಪರವಾಗಿ ಗವರ್ನರ್ ಜನರಲ್ ಒಬ್ಬರು ಯಾರಲಮ್ಲಾ ಎಂಬಲ್ಲಿ ಇರುತ್ತಾರೆ. ಆ ಬಂಗಲೆ ಮೊದಲು ಕುರಿ ಸಾಕುವ ದೊಡ್ಡ ಜಮೀನುದಾರರ ಮನೆಯಾಗಿತ್ತು. ರಾಜ ಬಂದರೂ ಅಲ್ಲೇ ಅತಿಥಿ. ಸ್ವಂತ ಅರಮನೆ ಇಲ್ಲದ ರಾಜಧಾನಿ ಅದು.

ಇನ್ನು ಊರು ಹುಟ್ಟಿದ ಕಥೆ. 1901ರ ಜನವರಿ 1ರಂದು ಆರು ವಸಾಹತುಗಳು ಕೂಡಿ ಒಂದು ದೇಶವಾದವು. ರಾಜಧಾನಿ ಯಾವುದು ಎಂಬಲ್ಲಿ ಸಿಡ್ನಿಗೂ ಮೆಲ್ಬರ್ನ್‌ಗೂ ಜಟಾಪಟಿ. ಜಿಲ್ಲಾ ಕೇಂದ್ರ ಎಲ್ಲಿ ಎಂದು ನಮ್ಮ ಕಡೆ ನಡೆದ ಜಗಳಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಸಂವಿಧಾನದಲ್ಲೇ ಬರೆದಿಟ್ಟರು: ರಾಜಧಾನಿ ಸಿಡ್ನಿ ಇರುವ ರಾಜ್ಯದಲ್ಲೇ ಆಗಬೇಕು, ಆದರೆ ಸಿಡ್ನಿಯಿಂದ 100 ಮೈಲಿಗೆ ಕಡಿಮೆ ಇಲ್ಲದಷ್ಟು ದೂರದಲ್ಲಿ. ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ. 1904ರಲ್ಲಿ ಡಾಲ್ಗೆಟಿ ಎಂಬ ಊರನ್ನು ಆರಿಸಿ, ಮನಸ್ಸು ಬದಲಾಯಿಸಿ, 1908ರಲ್ಲಿ ಯಾಸ್–ಕ್ಯಾನ್‌ಬೆರಾ ಪ್ರದೇಶಕ್ಕೆ ಬಂದು ನಿಂತರು. ಕುರಿ ಮೇಯುತ್ತಿದ್ದ ಬಯಲು, ನಡುವೆ ಮೊಲಾಂಗ್ಲೊ ಎಂಬ ಸಣ್ಣ ಹೊಳೆ, ಸುತ್ತ ಗುಡ್ಡಗಳು. ಬರೀ ಬಯಲು ಎನ್ನುವುದು ಸರ್ಕಾರದ ಕಾಗದದ ಮಾತು. ಸಾವಿರಾರು ವರ್ಷಗಳಿಂದ ಅಲ್ಲಿ ಮೂಲನಿವಾಸಿಗಳು ಇದ್ದರು. ಅವರ ಸಂಗತಿ ಮುಂದೆ ಬರುತ್ತದೆ.

ನಕ್ಷೆಗೆ ಜಾಗತಿಕ ಸ್ಪರ್ಧೆ ಕರೆದರು. 137 ನಕ್ಷೆಗಳು ಬಂದವು. ಅಂತಿಮ ತೀರ್ಪು ಮಂತ್ರಿಯ ಕೈಯಲ್ಲಿರುತ್ತದೆ ಎಂದು ಮುನಿಸಿಕೊಂಡು ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ಸ್ಪರ್ಧೆಯನ್ನೇ ಬಹಿಷ್ಕರಿಸಿತು. ಬ್ರಿಟಿಷ್ ಸಾಮ್ರಾಜ್ಯದ ಒಂದು ರಾಜಧಾನಿಗೆ 1912ರಲ್ಲಿ ಅಮೆರಿಕದ ವಾಲ್ಟರ್ ಬರ್ಲಿ ಗ್ರಿಫಿನ್ ಗೆದ್ದದ್ದು ಹೀಗೆ. ಎರಡನೆಯ ಬಹುಮಾನ ಫಿನ್‌ಲೆಂಡಿನವನಿಗೆ, ಮೂರನೆಯದು ಫ್ರಾನ್ಸಿನವನಿಗೆ. ನನ್ನ ಅಭಿಪ್ರಾಯದಲ್ಲಿ ಗೆದ್ದದ್ದು ನಕ್ಷೆಗಿಂತ ಹೆಚ್ಚಾಗಿ ಅದನ್ನು ತೋರಿಸಿದ ರೀತಿ. ಗ್ರಿಫಿನ್‌ನ ಹೆಂಡತಿ ಮರಿಯನ್ ಮಹೋನಿ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ದೊಡ್ಡ ದೊಡ್ಡ ಚಿತ್ರಗಳಲ್ಲಿ ಗುಡ್ಡ, ನೀರು, ಸಂಜೆಯ ಬೆಳಕು ಎಲ್ಲವೂ ಇದ್ದವು. ಮೂವತ್ತು ವರ್ಷ ನೀಲನಕ್ಷೆ ಎಳೆದವನು ನಾನು. ಅಂಥ ಕೈ ಒಂದು ನಮ್ಮ ಕಚೇರಿಯಲ್ಲಿ ಇದ್ದಿದ್ದರೆ ಎಷ್ಟೋ ಯೋಜನೆಗಳಿಗೆ ಬೇಗ ಮಂಜೂರಾತಿ ಸಿಗುತ್ತಿತ್ತು ಎಂದುಕೊಂಡಿದ್ದೇನೆ.

ಸ್ಪರ್ಧೆಯ ತೀರ್ಪು ಕೊಟ್ಟ ಮಂತ್ರಿಯ ಹೆಸರು ಕಿಂಗ್ ಓಮ್ಯಾಲಿ. ರಾಜನಲ್ಲ, ತಂದೆ ತಾಯಿ ಇಟ್ಟ ಹೆಸರೇ ‘ಕಿಂಗ್’. ನಾವು ಶಂಕುಸ್ಥಾಪನೆ ಎನ್ನುತ್ತೇವಲ್ಲ, ಶಂಕು ಎಂದರೆ ಗೂಟ. ಈಗ ಎಲ್ಲ ಕಡೆ ಕಲ್ಲು ಇಟ್ಟು ಗೂಟ ಎನ್ನುತ್ತೇವೆ. ಓಮ್ಯಾಲಿ ಮಾತ್ರ 1913ರ ಫೆಬ್ರವರಿ 20ರಂದು ನಿಜವಾಗಿಯೂ ಸರ್ವೆಯ ಮೊದಲ ಗೂಟ ಹೊಡೆದ. ಕ್ಯಾನ್‌ಬೆರಾದ ಕಥೆಯಲ್ಲಿ ಬರುವ ಮೊದಲ ‘ಕಿಂಗ್’ ಅವನು. ಮೂರು ವಾರ ಕಳೆದು ಮಾರ್ಚ್ 12ರಂದು ಗವರ್ನರ್ ಜನರಲ್ ಹೆಂಡತಿ ಲೇಡಿ ಡೆನ್ಮನ್ ಗುಡ್ಡದ ಮೇಲೆ ನಿಂತು ಊರಿನ ಹೆಸರನ್ನು ಓದಿ ಹೇಳಿದರು. ‘ಕ್ಯಾನ್’ ಎಂಬಲ್ಲಿ ಒತ್ತು ಕೊಟ್ಟು, ಉಳಿದದ್ದನ್ನು ನುಂಗಿ ಹೇಳಿದ ಆ ಉಚ್ಚಾರವೇ ನಿಂತುಬಿಟ್ಟಿತು. ನಾವು ಬರೆಯುವ ‘ಬೆರಾ’ ಅಲ್ಲಿಯ ಕಿವಿಗೆ ಉದ್ದವಾಯಿತು. ಮೊಮ್ಮಕ್ಕಳು ನಗಬಾರದೆಂದಿದ್ದರೆ ‘ಕ್ಯಾನ್‌ಬ್ರ’ ಎನ್ನಿ.

ಈಗ ರಾಜಮನೆತನದ ಭೇಟಿಗಳಿಗೆ ಬರುತ್ತೇನೆ. ಯೋಜಿತ ರಾಜಧಾನಿಗೆ ಒಂದು ಕಷ್ಟ ಇದೆ. ಹಳೆಯ ಊರಿಗೆ ಜಾತ್ರೆ, ದೇವರು, ಯುದ್ಧ, ಸ್ಥಳಪುರಾಣ ಎಲ್ಲ ತಾವಾಗಿ ಕೂಡಿಕೊಂಡಿರುತ್ತವೆ. ನಕ್ಷೆಯ ಊರಿಗೆ ಅದೊಂದೂ ಇಲ್ಲ. ನವನಗರದಲ್ಲಿ ಮೊದಮೊದಲು ಮನೆ ಕಟ್ಟಿಕೊಂಡ, ಆಲಮಟ್ಟಿ ಅಣೆಕಟ್ಟೆಯ ಮುಳುಗಡೆಯ ಜನ ‘ಯಾವ ಊರು’ ಎಂದು ಕೇಳಿದರೆ ಹಳೇ ಬಾಗಲಕೋಟೆಯ ಓಣಿಯ ಹೆಸರನ್ನೇ ಹೇಳುತ್ತಿದ್ದರು. ಸೆಕ್ಟರ್ ನಂಬರ್ ಬಾಯಿಗೆ ಬರಲು ಒಂದು ತಲೆಮಾರು ಹಿಡಿಯಿತು. ಕ್ಯಾನ್‌ಬೆರಾ ಈ ಕೊರತೆ ತುಂಬಿಕೊಳ್ಳಲು ರಾಜರನ್ನು ಕರೆಯಿತು. ಅದರ ಜೊತೆಗೆ ಇನ್ನೊಂದು ಲಾಭವೂ ಇತ್ತು. ದೊಡ್ಡವರು ಬರುವ ದಿನ ಗೊತ್ತಾದ ಮೇಲೆ ರಸ್ತೆಗೆ ಡಾಂಬರು ತಾನಾಗಿಯೇ ಬೀಳುತ್ತದೆ. ದುಡ್ಡಿಲ್ಲ, ಆಳಿಲ್ಲ ಎಂದು ಕುಂಟುತ್ತಿದ್ದ ಊರಿಗೆ ರಾಜಭೇಟಿ ಎಂದರೆ ತಪ್ಪಿಸಲಾಗದ ಗಡುವು. ಆದರೆ ಗಡುವಿಗೆ ಬರುವ ಅತಿಥಿ ಕಟ್ಟಡಕ್ಕಾಗಿ ಕಾಯುವುದಿಲ್ಲ. ಆದ್ದರಿಂದ ಕಲ್ಲು ಒಮ್ಮೊಮ್ಮೆ ಕಟ್ಟಡಕ್ಕಿಂತ ಮೊದಲು ಬರುತ್ತದೆ, ಒಮ್ಮೊಮ್ಮೆ ಕಟ್ಟಡ ಬರುವುದೇ ಇಲ್ಲ.

ದೆಹಲಿಯದನ್ನೇ ನೋಡಿ. 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ಐದನೆಯ ಜಾರ್ಜ್ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆ ಎಂದು ಸಾರಿದ. ಮೂರೇ ದಿನಗಳಲ್ಲಿ, 15ರಂದು, ರಾಜ ರಾಣಿ ಇಬ್ಬರೂ ದರ್ಬಾರಿನ ಬಿಡಾರದ ಹತ್ತಿರವೇ ಅಡಿಗಲ್ಲು ಇಟ್ಟರು. ಆಮೇಲೆ ತಜ್ಞರು ಬಂದು, ಜಾಗ ಸರಿಯಿಲ್ಲ, ರೈಸಿನಾ ಗುಡ್ಡವೇ ಆಗಬೇಕು ಎಂದರು. ರಾಜ ಇಟ್ಟ ಕಲ್ಲುಗಳನ್ನು ಎತ್ತಿ ಸಾಗಿಸಬೇಕಾಯಿತು. ಹೊಸ ದೆಹಲಿಯ ಉದ್ಘಾಟನೆ ಆದದ್ದು 1931ರ ಫೆಬ್ರವರಿಯಲ್ಲಿ. ಕ್ಯಾನ್‌ಬೆರಾ, ಹೊಸ ದೆಹಲಿ ಎರಡೂ ಒಂದೇ ಕಾಲದ ಕೂಸುಗಳು. ವ್ಯತ್ಯಾಸ ಎಂದರೆ ನಮ್ಮದು ರಾಜನ ಬಾಯಿಂದ ಹುಟ್ಟಿತು, ಅವರದು ಸಂವಿಧಾನದ ಒಂದು ಕಲಮಿನಿಂದ.

ಕ್ಯಾನ್‌ಬೆರಾದಲ್ಲೂ ಅನಾಥ ಕಲ್ಲಿನ ಕಥೆ ಇದೆ. ಗ್ರಿಫಿನ್‌ನ ನಕ್ಷೆಯಲ್ಲಿ ಊರ ನಡುವಿನ ಎತ್ತರದ ಗುಡ್ಡದ ಮೇಲೆ ಸಂಸತ್ತು ಇರಲಿಲ್ಲ. ಅಲ್ಲಿ ‘ಕ್ಯಾಪಿಟೋಲ್’ ಎಂಬ, ಜನ ಸೇರುವ, ದೇಶದ ನೆನಪುಗಳನ್ನು ಇಡುವ ಭವನ ಬರಬೇಕಿತ್ತು. ಸಂಸತ್ತು ಅದರ ಕೆಳಗಿನ ದಿಬ್ಬದಲ್ಲಿ. ಆಳುವವರಿಗಿಂತ ಜನ ಮೇಲೆ ಎಂಬ ಲೆಕ್ಕ. 1920ರ ಜೂನ್‌ನಲ್ಲಿ ವೇಲ್ಸ್ ರಾಜಕುಮಾರ ಎಡ್ವರ್ಡ್ ಬಂದು ಆ ಕ್ಯಾಪಿಟೋಲಿಗೆ ಅಡಿಗಲ್ಲು ಹಾಕಿದ. ಆ ವರ್ಷದ ಕೊನೆಗೆ ಅಧಿಕಾರಿಗಳ ಜೊತೆ ಜಗಳವಾಡಿ ಬೇಸತ್ತ ಗ್ರಿಫಿನ್ ಕೆಲಸ ಬಿಟ್ಟ. ಎಡ್ವರ್ಡ್ ಮುಂದೆ ರಾಜನಾಗಿ ಒಂದು ವರ್ಷವೂ ತುಂಬುವ ಮೊದಲೇ ಸಿಂಹಾಸನ ಬಿಟ್ಟ. ಕ್ಯಾಪಿಟೋಲ್ ಏಳಲೇ ಇಲ್ಲ. ವಿಜಯಪುರದ ಬಾರಾ ಕಮಾನ್ ಕಂಡವರಿಗೆ ಇದು ಅರ್ಥವಾಗುತ್ತದೆ. ಎರಡನೆಯ ಅಲಿ ಆದಿಲ್ ಶಾಹ್ ತನಗಾಗಿ ಎತ್ತಿಸಲು ಹೊರಟ ಗೋರಿಯ ಕಮಾನುಗಳಷ್ಟೇ ಇಂದಿಗೂ ಆಕಾಶ ನೋಡುತ್ತ ನಿಂತಿವೆ. ನಮ್ಮಲ್ಲಿ ಕನಿಷ್ಠ ಕಮಾನುಗಳಾದರೂ ಎದ್ದವು.

ತೊರವಿಯ ಬಳಿ ಇನ್ನೊಂದು ಪಾಠವೂ ಇದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹ್ 1599ರಲ್ಲಿ ನವರಸಪುರ ಎಂಬ ಹೊಸ ರಾಜಧಾನಿಯನ್ನೇ ಕಟ್ಟಲು ಹೊರಟ. ಸಂಗೀತದ ಹುಚ್ಚಿನ ದೊರೆ, ಊರಿಗೂ ರಸದ ಹೆಸರಿಟ್ಟ. 1624ರಲ್ಲಿ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಈಗ ಉಳಿದಿರುವ ಸಂಗೀತ ಮಹಲಿನ ಗೋಡೆಗಳ ನಡುವೆ ನಿಂತರೆ, ಯೋಜಿತ ರಾಜಧಾನಿ ಎಂಬುದು ಎಷ್ಟು ಗಟ್ಟಿ ಜನ್ಮ ಪಡೆದು ಬರಬೇಕು ಎಂಬುದು ಗೊತ್ತಾಗುತ್ತದೆ. ಕ್ಯಾನ್‌ಬೆರಾಕ್ಕೆ ಮಲಿಕ್ ಅಂಬರ್ ಬರಲಿಲ್ಲ. ಎರಡು ಮಹಾಯುದ್ಧಗಳು, ಒಂದು ಆರ್ಥಿಕ ಮುಗ್ಗಟ್ಟು ಮಾತ್ರ ಬಂದವು.

ನಿಮ್ಮ ಮಗಳು ಕಳಿಸಿದ ಚಿತ್ರಗಳಲ್ಲಿ ಉದ್ದನೆಯ, ತಗ್ಗಾದ, ಬಿಳಿಯ ಕಟ್ಟಡ ಒಂದು ಇರಬೇಕು. ಅದು ಹಳೆಯ ಸಂಸತ್ ಭವನ. ‘ತಾತ್ಕಾಲಿಕ’ ಎಂದು ಕಟ್ಟಿದ್ದು, 61 ವರ್ಷ ನಡೆಯಿತು. ತಾತ್ಕಾಲಿಕ ಎಂಬ ಮಾತಿನ ಆಯುಸ್ಸು ಎಲ್ಲ ದೇಶಗಳಲ್ಲೂ ಒಂದೇ. 1927ರ ಮೇ 9ರಂದು ಯಾರ್ಕ್‌ನ ಡ್ಯೂಕ್, ಅಂದರೆ ಐದನೆಯ ಜಾರ್ಜ್‌ನ ಎರಡನೆಯ ಮಗ, ಚಿನ್ನದ ಬೀಗದಕೈಯಿಂದ ಇದರ ಬಾಗಿಲು ತೆಗೆದ. ಮೆಟ್ಟಿಲ ಮೇಲೆ ನಿಂತು ಆಸ್ಟ್ರೇಲಿಯಾದ ಹೆಸರಾಂತ ಗಾಯಕಿ ನೆಲ್ಲಿ ಮೆಲ್ಬಾ ರಾಷ್ಟ್ರಗೀತೆ ಹಾಡಿದರು. ಡ್ಯೂಕನಿಗೆ ಮಾತಿನಲ್ಲಿ ತೊದಲು. ಈ ಪ್ರವಾಸದ ಭಾಷಣಗಳ ಭಯಕ್ಕೇ ಹಿಂದಿನ ವರ್ಷ ಲಂಡನ್ನಿನಲ್ಲಿ ಲಯನೆಲ್ ಲೋಗ್ ಎಂಬ ಮಾತಿನ ಚಿಕಿತ್ಸಕನ ಹತ್ತಿರ ಹೋಗತೊಡಗಿದ್ದ. ಲೋಗ್ ಹುಟ್ಟಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಎಂಬುದು ಕಾಕತಾಳೀಯ. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ತರಿಸಿಟ್ಟ ಮಾಂಸದ ಪೈಗಳನ್ನು ರಾಶಿ ರಾಶಿಯಾಗಿ ಮಣ್ಣಿನಲ್ಲಿ ಹೂಳಿದರು ಎಂದು ಊರವರು ಇಂದಿಗೂ ಹೇಳುತ್ತಾರೆ. ವಿಮಾನಗಳ ಪ್ರದರ್ಶನದಲ್ಲಿ ಒಂದು ವಿಮಾನ ಬಿದ್ದು ಅದರ ಚಾಲಕ ತೀರಿಕೊಂಡ. ಉದ್ಘಾಟನೆಯ ಫಲಕದಲ್ಲಿ ಇದನ್ನೆಲ್ಲ ಬರೆಯುವುದಿಲ್ಲ.

ಆ ದಿನದ ನನ್ನ ಮಟ್ಟಿನ ನಾಯಕ ಡ್ಯೂಕನಲ್ಲ. ಜಿಮ್ಮಿ ಕ್ಲೆಮೆಂಟ್ಸ್ ಎಂಬ ವಿರಾಡ್ಜುರಿ ಜನಾಂಗದ ಮುದುಕ. ‘ಕಿಂಗ್ ಬಿಲ್ಲಿ’ ಎಂದೂ ಅವನನ್ನು ಕರೆಯುತ್ತಿದ್ದರು. ನಮ್ಮ ಕಥೆಯ ಎರಡನೆಯ ಕಿಂಗ್. ಟ್ಯೂಮಟ್ ಸೀಮೆಯಿಂದ ಗುಡ್ಡ ಹತ್ತಿಳಿದು ಸುಮಾರು 150 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಬಂದಿದ್ದ. ಜೊತೆಗೆ ಜಾನ್ ನೋಬಲ್ ಎಂಬ ಇನ್ನೊಬ್ಬ ಹಿರಿಯ. ಬರಿಗಾಲು, ಹಳೆಯ ಕೋಟು, ಮಗ್ಗುಲಲ್ಲಿ ನಾಯಿ. ಸಮಾರಂಭಕ್ಕೆ ತಕ್ಕ ಉಡುಪಿಲ್ಲ ಎಂದು ಪೊಲೀಸನೊಬ್ಬ ಎಬ್ಬಿಸಲು ಹೋದ. ಸುತ್ತ ಕುಳಿತಿದ್ದ ಜನ ಮುದುಕನ ಪರವಾಗಿ ಕೂಗಿದರು, ಪಾದ್ರಿಯೊಬ್ಬರು ಎದ್ದು ಇಲ್ಲಿ ಕೂರಲು ನಮ್ಮೆಲ್ಲರಿಗಿಂತ ಹೆಚ್ಚಿನ ಹಕ್ಕು ಇವನದು ಎಂದರು. ಮರುದಿನ ಗಣ್ಯರು ಸಾಲಾಗಿ ಡ್ಯೂಕ್ ದಂಪತಿಗೆ ವಂದಿಸುವಾಗ ಕ್ಲೆಮೆಂಟ್ಸ್ ಒಬ್ಬನೇ ನಡೆದು ಹೋಗಿ ಸಲಾಮು ಮಾಡಿದ. ಈ ನೆಲದ ಒಡೆತನ ನನ್ನದು ಎಂದು ಹೇಳಿಕೊಳ್ಳುವವನು ಈತ ಎಂದು ಪತ್ರಿಕೆ ಬರೆಯಿತು. ಅದೇ ವರ್ಷ ಅವನು ಸತ್ತ. ಅತಿಥಿ ಯಾರು, ಮನೆಯವರು ಯಾರು ಎಂಬ ಪ್ರಶ್ನೆಯನ್ನು ಆ ಸಲಾಮಿನಷ್ಟು ಗಟ್ಟಿಯಾಗಿ ಆ ಊರಿನಲ್ಲಿ ಯಾವ ಭಾಷಣವೂ ಕೇಳಿಲ್ಲ.

ಮೇ 9 ಎಂಬ ತಾರೀಖನ್ನು ನೆನಪಿಡಿ. 1901ರ ಮೇ 9ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ಸಂಸತ್ತನ್ನು ಉದ್ಘಾಟಿಸಿದವನು ಅಂದಿನ ಡ್ಯೂಕ್, ಮುಂದೆ ಐದನೆಯ ಜಾರ್ಜ್. 1927ರ ಮೇ 9ಕ್ಕೆ ಅವನ ಮಗ. 1988ರ ಮೇ 9ರಂದು ಗುಡ್ಡದ ಮೇಲಿನ ಹೊಸ ಸಂಸತ್ ಭವನವನ್ನು ಉದ್ಘಾಟಿಸಿದವರು ಮೊಮ್ಮಗಳು ಎಲಿಜಬೆತ್. ತಾರೀಖನ್ನು ಬೇಕೆಂದೇ ಹೊಂದಿಸಿದ್ದು. ಮೂರು ತಲೆಮಾರು, ಒಂದೇ ಮುಹೂರ್ತ. ಪಂಚಾಂಗ ನೋಡುವ ನಮ್ಮವರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು.

ಎಲಿಜಬೆತ್ ಆಸ್ಟ್ರೇಲಿಯಾಕ್ಕೆ 1954ರಿಂದ 2011ರವರೆಗೆ 16 ಸಲ ಬಂದರು. ಸಿಂಹಾಸನದ ಮೇಲಿರುವಾಗಲೇ ಆ ದೇಶಕ್ಕೆ ಕಾಲಿಟ್ಟ ಮೊದಲ ದೊರೆ ಅವರೇ. 1954ರ ಫೆಬ್ರವರಿ 15ರಂದು ಹಳೆಯ ಭವನದಲ್ಲಿ ಸಂಸತ್ತಿನ ಅಧಿವೇಶನ ಆರಂಭಿಸುವಾಗ ಪಟ್ಟಾಭಿಷೇಕದ ನಿಲುವಂಗಿಯನ್ನೇ ಉಟ್ಟಿದ್ದರು. ಇಳಕಲ್ಲಿನವರಿಗೆ ಹೇಳಲೇಬೇಕಾದ ಮಾತು ಇದು: ಆ ಬಟ್ಟೆಯ ತುಂಬ ಕಸೂತಿ, ಒಂದೊಂದು ದೇಶಕ್ಕೆ ಒಂದೊಂದು ಹೂವು. ಆಸ್ಟ್ರೇಲಿಯಾಕ್ಕೆ ವಾಟಲ್ ಎಂಬ ಹಳದಿ ಹೂ, ನಮಗೆ ಕಮಲ. ಮರುದಿನ ಅವರು ಅನಾವರಣ ಮಾಡಿದ್ದು ಎರಡನೆಯ ಮಹಾಯುದ್ಧದಲ್ಲಿ ನೆರವಾದ ಅಮೆರಿಕದ ನೆನಪಿನ ಕಂಬವನ್ನು. ತುದಿಯಲ್ಲಿ ರೆಕ್ಕೆ ಎತ್ತಿದ ಹದ್ದು. ದೂರದಿಂದ ಆ ರೆಕ್ಕೆಗಳು ಮೊಲದ ಕಿವಿಯ ಹಾಗೆ ಕಾಣುತ್ತವೆ ಎಂದು ಊರಿನವರು ಅದಕ್ಕೆ ವ್ಯಂಗ್ಯಚಿತ್ರದ ಮೊಲವೊಂದರ ಹೆಸರನ್ನೇ ಇಟ್ಟಿದ್ದಾರೆ. ನೋಡಿದ ಮೇಲೆ ನಿಮಗೂ ಹದ್ದು ಕಾಣುವುದಿಲ್ಲ.

1963ರ ಮಾರ್ಚ್‌ನಲ್ಲಿ ಊರಿಗೆ ಐವತ್ತು ತುಂಬಿದಾಗ ರಾಣಿ ಮತ್ತೆ ಬಂದರು. ಆಗ ಗ್ರಿಫಿನ್ ಕನಸಿದ್ದ ಕೆರೆ ಇನ್ನೂ ಒಣ ಪಾತ್ರ. ಅಣೆಕಟ್ಟೆಯ ಕಿಂಡಿ ಮುಚ್ಚಿದ್ದು ಸೆಪ್ಟೆಂಬರ್‌ನಲ್ಲಿ. ಬರಗಾಲ ಬಿದ್ದು ತಿಂಗಳುಗಟ್ಟಲೆ ಕಾದು, ಕೆರೆ ತುಂಬಿದ್ದು 1964ರ ಏಪ್ರಿಲ್ 29ಕ್ಕೆ. ನಕ್ಷೆಯಲ್ಲಿ ನೀಲಿ ಬಳಿದ 52 ವರ್ಷಗಳ ನಂತರ ನೀರು ಬಂತು. ಅದೇ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ನಮ್ಮ ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಅದರ ಲೋಕಾರ್ಪಣೆಗೆ 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದರು. ಒಂದು ನೀರು ಊರನ್ನು ಅಂದಗೊಳಿಸಲು ನಿಂತಿತು, ಇನ್ನೊಂದು ಊರನ್ನೇ ಮುಳುಗಿಸಿ ಹೊಲಗಳಿಗೆ ಹರಿಯಿತು. ಹೋಲಿಕೆ ಇಷ್ಟಕ್ಕೇ ಸಾಕು. ಕುತೂಹಲದ ಸಂಗತಿ ಏನೆಂದರೆ, ಕ್ಯಾನ್‌ಬೆರಾದ ಹೃದಯವಾದ ಆ ಕೆರೆಯನ್ನು ಉದ್ಘಾಟಿಸಿದ್ದು ರಾಜಮನೆತನದವರಲ್ಲ, ಪ್ರಧಾನಿ ಮೆಂಜಿಸ್. ಕೆರೆಗೆ ಇಟ್ಟ ಹೆಸರು ಕೂಡ ರಾಜನದಲ್ಲ, ಬರ್ಲಿ ಗ್ರಿಫಿನ್‌ನದು. ಜಗಳವಾಡಿ ಹೋದ ನಕ್ಷೆಗಾರನಿಗೆ ಆ ಊರು ತೀರಿಸಿದ ಋಣ ಎಂದು ನಾನು ಅಂದುಕೊಂಡಿದ್ದೇನೆ.

ರಾಣಿಯ ಗುರುತು ಬಿದ್ದದ್ದು ಕೆರೆಯ ಅಂಚಿನ ಮೇಲೆ. 1970ರ ಏಪ್ರಿಲ್‌ನಲ್ಲಿ ಎರಡು ದಿನಗಳಲ್ಲಿ ಎರಡು ಉದ್ಘಾಟನೆ. ಒಂದು, ಕ್ಯಾಪ್ಟನ್ ಕುಕ್ ನೆನಪಿನ ಕಾರಂಜಿ. ನೀರು ಸುಮಾರು 150 ಮೀಟರ್ ಏರುತ್ತದೆ, ಅಂದರೆ ಗೋಳಗುಮ್ಮಟದ ಮೇಲೆ ಗೋಳಗುಮ್ಮಟ ಇಟ್ಟು ಮತ್ತೊಂದನ್ನು ಇಟ್ಟಷ್ಟು. ಗಾಳಿ ಜೋರಾದರೆ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಸೇತುವೆಯ ಮೇಲಿನ ಕಾರುಗಳಿಗೆ ಸ್ನಾನ. ಇನ್ನೊಂದು, ಆಸ್ಪೆನ್ ದ್ವೀಪದ ಮೇಲಿನ ಕ್ಯಾರಿಲಾನ್, ಐವತ್ತಕ್ಕೂ ಹೆಚ್ಚು ಗಂಟೆಗಳಿರುವ ಗೋಪುರ. ಒಬ್ಬರು ಕುಳಿತು ಕೈಕಾಲುಗಳಿಂದ ಕೀಲಿಗಳನ್ನು ಒತ್ತಿ ಅದನ್ನು ನುಡಿಸುತ್ತಾರೆ. ಇದು ಬ್ರಿಟಿಷ್ ಸರ್ಕಾರದ ಕಾಣಿಕೆ. ಅವರು ದುಡ್ಡು ಕೊಡಲಿಲ್ಲ ಎಂದು ಮೊದಲಲ್ಲಿ ಹೇಳಿದ ಮಾತಿಗೆ ಈ ಗೋಪುರವೊಂದು ಅಪವಾದ. 2022ರಲ್ಲಿ ಆ ದ್ವೀಪಕ್ಕೆ ರಾಣಿಯ ಹೆಸರನ್ನೇ ಇಟ್ಟರು.

ಆಮೇಲಿನವುಗಳನ್ನು ಬೇಗ ಹೇಳಿಬಿಡುತ್ತೇನೆ. 1980ರಲ್ಲಿ ಹೈಕೋರ್ಟ್ (ಹೆಸರು ಹೈಕೋರ್ಟ್ ಆದರೂ ಅದು ಅವರ ಸರ್ವೋಚ್ಚ ನ್ಯಾಯಾಲಯ), 1982ರಲ್ಲಿ ರಾಷ್ಟ್ರೀಯ ಕಲಾ ಗ್ಯಾಲರಿ. ಎರಡೂ ಕೆರೆಯ ದಂಡೆಯಲ್ಲಿ ಅಕ್ಕಪಕ್ಕ, ಗಿಲಾವು ಇಲ್ಲದ ಒರಟು ಕಾಂಕ್ರೀಟು. ನನಗೆ ಹಿಡಿಸುತ್ತದೆ, ನಿಮ್ಮ ಮನೆಯವರಿಗೆ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಎನಿಸಬಹುದು. ಫಲಕ ಇಲ್ಲದ ಎರಡು ಭೇಟಿಗಳು ಮಾತ್ರ ಕಟ್ಟಡಗಳಿಗಿಂತ ದೊಡ್ಡವು. 1973ರ ಅಕ್ಟೋಬರ್ 19ರಂದು, ಸಿಡ್ನಿಯ ಒಪೆರಾ ಹೌಸ್ ಉದ್ಘಾಟನೆಯ ಹಿಂದಿನ ದಿನ, ಯಾರಲಮ್ಲಾದ ಬಂಗಲೆಯಲ್ಲಿ ಕುಳಿತು ತಮ್ಮ ಬಿರುದನ್ನು ‘ಆಸ್ಟ್ರೇಲಿಯಾದ ರಾಣಿ’ ಎಂದು ಬದಲಿಸುವ ಕಾನೂನಿಗೆ ಅಂಕಿತ ಹಾಕಿದರು. 1986ರ ಮಾರ್ಚ್ 2ರಂದು ಅದೇ ಬಂಗಲೆಯಲ್ಲಿ ಆಸ್ಟ್ರೇಲಿಯಾ ಕಾಯಿದೆಯ ಘೋಷಣೆಗೆ ಸಹಿ. ಅಲ್ಲಿಗೆ ಬ್ರಿಟನ್ನಿನ ಸಂಸತ್ತು ಆಸ್ಟ್ರೇಲಿಯಾಕ್ಕೆ ಕಾನೂನು ಮಾಡುವ ಅಧಿಕಾರ ಪೂರಾ ಮುಗಿಯಿತು. ಕಡಿದುಕೊಳ್ಳುವ ದಾರವನ್ನು ರಾಣಿಯ ಕೈಯಿಂದಲೇ ಕಡಿಸಿಕೊಂಡ ಜಾಣತನ ಅದು.

ಕ್ಯಾಪಿಟೋಲ್ ಬರದ ಗುಡ್ಡಕ್ಕೆ 1988ರಲ್ಲಿ ಸಂಸತ್ತೇ ಬಂದು ಕುಳಿತಿತು. ಜನರ ತಲೆಯ ಮೇಲೆ ಆಳುವವರು ಕೂರಬಾರದು ಎಂಬ ಗ್ರಿಫಿನ್‌ನ ಲೆಕ್ಕ ತಪ್ಪದಿರಲೆಂದು ವಾಸ್ತುಶಿಲ್ಪಿ ರೊಮಾಲ್ಡೊ ಜುರ್ಗೊಲಾ ಗುಡ್ಡದ ತುದಿ ಕೊರೆದು, ಒಳಗೆ ಕಟ್ಟಡ ಇಟ್ಟು, ಮೇಲೆ ಹುಲ್ಲು ಬೆಳೆಸಿದ. ಹುಡುಗರು ಆ ಹುಲ್ಲಿನ ಮೇಲೆ ಉರುಳಾಡುತ್ತಿದ್ದರು. ಈಗ ಭದ್ರತೆಯ ಬೇಲಿ ಬಂದಿದೆ, ಒಳಗಿನ ಲಿಫ್ಟಿನಿಂದ ಮಾಳಿಗೆಗೆ ಹೋಗಬೇಕು. ನೆತ್ತಿಯ ಧ್ವಜಸ್ತಂಭ 81 ಮೀಟರ್. ಒಳಗೆ ಹೋಗುವ ಮೊದಲು ಮುಂದಿನ ಅಂಗಳದಲ್ಲಿ ಕೆಳಗೆ ನೋಡಿ. ಸುಮಾರು 90,000 ಗ್ರಾನೈಟ್ ಚೂರುಗಳ ಚಿತ್ತಾರ, ಮೂಲನಿವಾಸಿ ಕಲಾವಿದ ಮೈಕಲ್ ನೆಲ್ಸನ್ ಜಗಮರಾ ಅವರದು. ಉದ್ಘಾಟನೆಯ ದಿನ ರಾಣಿಗೆ ಅದರ ಕಲಾವಿದನನ್ನು ಪರಿಚಯಿಸಿದರು, ಹೊರಗೆ ಅವನ ಜನ ಪ್ರತಿಭಟಿಸುತ್ತಿದ್ದರು. 1993ರಲ್ಲಿ, ಭೂಮಿಯ ಹಕ್ಕಿನ ವಾದ ಕಾವೇರಿದಾಗ, ಅದೇ ಕಲಾವಿದ ಉಳಿ ಹಿಡಿದು ಬಂದು ತನ್ನ ಚಿತ್ತಾರದ ನಡುವಿನ ಕಲ್ಲೊಂದನ್ನು ಎಬ್ಬಿಸಿದ. ಎಲ್ಲರೂ ಕಲ್ಲು ಇಡಲು ಬರುವ ಊರಿನಲ್ಲಿ ಕಲ್ಲು ತೆಗೆಯಲು ಬಂದವನು ಅವನೊಬ್ಬ.

1999ರ ನವೆಂಬರ್ 6ರಂದು ರಾಜತ್ವ ಬೇಕೇ, ಗಣರಾಜ್ಯ ಬೇಕೇ ಎಂದು ಇಡೀ ದೇಶದಲ್ಲಿ ಮತ ಹಾಕಿಸಿದರು. ಆರೂ ರಾಜ್ಯಗಳು ಗಣರಾಜ್ಯ ಬೇಡ ಎಂದವು. ಬೇಕು ಎಂದದ್ದು ಕ್ಯಾನ್‌ಬೆರಾ ಇರುವ ರಾಜಧಾನಿ ಪ್ರದೇಶ ಮಾತ್ರ. ಗೋಡೆ ಗೋಡೆಗೂ ರಾಣಿಯ ಹೆಸರಿರುವ ಊರಿನ ತೀರ್ಪು ಅದು. ಆದರೂ 2011ರಲ್ಲಿ ಎಂಬತ್ತೈದರ ರಾಣಿ ಕೊನೆಯ ಸಲ ಬಂದು ಕೆರೆಯಲ್ಲಿ ದೋಣಿಯಲ್ಲಿ ಸಾಗಿದಾಗ ದಂಡೆಯಲ್ಲಿ ನಿಂತು ಕೈಬೀಸಿದವರೂ ಅದೇ ಊರಿನ ಜನ. ಎರಡರಲ್ಲೂ ಸುಳ್ಳಿಲ್ಲ. ಬೀಗರನ್ನು ಕಳಿಸಬೇಕು ಎಂದುಕೊಂಡೇ ಹೋಳಿಗೆ ಬಡಿಸುವವರು ನಾವೂ ಇದ್ದೇವೆ.

2024ರ ಅಕ್ಟೋಬರ್ 21ರಂದು ಮೂರನೆಯ ಚಾರ್ಲ್ಸ್ ಬಂದರು. ಯುದ್ಧ ಸ್ಮಾರಕಕ್ಕೆ ಹೂ ಇಟ್ಟು ಹೊರಬಂದಾಗ ಜನರ ನಡುವೆ ಬೋ ಕಟ್ಟಿಕೊಂಡು ನಿಂತಿದ್ದ ಅಲ್ಪಾಕಾ ಎಂಬ ಪ್ರಾಣಿ ಅವರ ಎದುರಿಗೇ ಸೀನಿತು. ಅದೇ ದಿನ ಸಂಸತ್ತಿನ ದೊಡ್ಡ ಸಭಾಂಗಣದಲ್ಲಿ, ರಾಜನ ಭಾಷಣ ಮುಗಿಯುತ್ತಿದ್ದಂತೆ, ಮೂಲನಿವಾಸಿ ಸಂಸದೆ ಲಿಡಿಯಾ ಥಾರ್ಪ್ ನೀನು ನಮ್ಮ ರಾಜನಲ್ಲ ಎಂದು ಕೂಗಿದರು. ಅವರನ್ನು ಹೊರಗೆ ಕರೆದೊಯ್ದರು. ಬರಿಗಾಲಿನ ಕ್ಲೆಮೆಂಟ್ಸ್‌ಗೂ ಇವರಿಗೂ ನಡುವೆ 97 ವರ್ಷ. ಧಾಟಿ ಬೇರೆ, ದಾವೆ ಒಂದೇ.

ಹೇಗೆ ನೋಡಬೇಕು ಎಂದು ಕೇಳಿದ್ದೀರಿ. ಮೊದಲು ಅಳಿಯಂದಿರಿಗೆ ಹೇಳಿ ಮೌಂಟ್ ಏನ್ಸ್‌ಲಿ ಗುಡ್ಡಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಲು ಹೇಳಿ. ಕೆಳಗೆ ಯುದ್ಧ ಸ್ಮಾರಕದ ಗುಮ್ಮಟ, ಅಲ್ಲಿಂದ ಕೆಂಪು ಹಾಸಿನ ನೇರ ರಸ್ತೆ, ನಡುವೆ ಕೆರೆ, ಆಚೆ ದಂಡೆಯಲ್ಲಿ ಬಿಳಿಯ ಹಳೆಯ ಸಂಸತ್ತು, ಅದರ ನೆತ್ತಿಗೆ ಹೊಸ ಸಂಸತ್ತು, ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಗ್ರಿಫಿನ್ ಈ ನೋಟವನ್ನು ಕಣ್ಣಾರೆ ಕಾಣಲಿಲ್ಲ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ, ಅವನು ಕೊನೆಗೆ ಬಂದದ್ದು ನಮ್ಮ ದೇಶಕ್ಕೆ. 1935ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ನಕ್ಷೆ ಬರೆಯಲು ಲಖನೌಗೆ ಬಂದ, 1937ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದೂ ಲಖನೌದಲ್ಲಿಯೇ.

ಗುಡ್ಡ ಇಳಿದ ಮೇಲೆ ಒಂದು ದಿನ ಹಳೆಯ ಸಂಸತ್ತಿಗೆ ಇಡಿ. ಈಗ ಅದು ಪ್ರಜಾಪ್ರಭುತ್ವದ ವಸ್ತುಸಂಗ್ರಹಾಲಯ. ಅದರ ಎದುರಿನ ಹುಲ್ಲಿನ ಮೇಲೆ 1972ರಲ್ಲಿ ಮೂಲನಿವಾಸಿಗಳು ಹೂಡಿದ ಗುಡಾರಗಳ ರಾಯಭಾರ ಕಚೇರಿ ಇದೆ. ಮಗಳು ಆ ಕಡೆ ಬೇಡ ಎಂದರೂ ಹೋಗಿ ನಿಲ್ಲಿ. ಅಲ್ಲೇ ಹತ್ತಿರ ಐದನೆಯ ಜಾರ್ಜ್‌ನ ಪ್ರತಿಮೆ. ಮೊದಲು ಭವನದ ನೇರ ಎದುರಿಗೇ ಇತ್ತು. ಸ್ಮಾರಕದ ಕಡೆಗಿನ ನೋಟಕ್ಕೆ ಅಡ್ಡವಾಗುತ್ತದೆಂದು ಪಕ್ಕಕ್ಕೆ ಸರಿಸಿದರು. ನಕ್ಷೆಯ ಗೆರೆಗೆ ರಾಜನೂ ಜಾಗ ಬಿಟ್ಟುಕೊಟ್ಟ ಉದಾಹರಣೆ ಎಂದು ನಮ್ಮ ಕಸುಬಿನವರು ಖುಷಿಪಡುತ್ತೇವೆ. ಕ್ಯಾರಿಲಾನ್ ಕೇಳಲು ಸೇತುವೆ ದಾಟಿ ದ್ವೀಪದ ಹುಲ್ಲಿನ ಮೇಲೆ ಕುಳಿತುಕೊಳ್ಳಿ, ಗೋಪುರದ ಬುಡದಲ್ಲಿ ನಿಂತರೆ ಕಿವಿ ಗುಂಯ್‌ಗುಡುತ್ತದೆ. ಪ್ರತಿ ಫಲಕದ ಮುಂದೆ ನಿಂತಾಗ ಹೆಸರು ಬಿಟ್ಟು ತಾರೀಖು ಓದಿ, ಆ ದಿನ ಇಲ್ಲಿ ನಿಜವಾಗಿ ಎಷ್ಟು ಕಟ್ಟಿದ್ದರು ಎಂದು ಮೊಮ್ಮಕ್ಕಳನ್ನು ಕೇಳಿ. ಮಾಸ್ತರಿಕೆಯ ಚಟ ನಿಮಗೂ ಬಿಟ್ಟಿರಲಿಕ್ಕಿಲ್ಲ.

ನೀವು ಇಳಿಯುವ ಹೊತ್ತಿಗೆ ಅಲ್ಲಿ ಚಳಿ ಹತ್ತಿರ ಬಂದಿರುತ್ತದೆ. ಇಲ್ಲಿಯ ಮೇ ಬಿಸಿಲಿನಲ್ಲಿ ನಿಂತು ಅದನ್ನು ನಂಬುವುದು ಕಷ್ಟ, ಆದರೆ ಜೂನ್, ಜುಲೈ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿಗೆ ಇಲ್ಲಿಂದಲೇ ಒಯ್ಯಿರಿ. ಮೇ 9ಕ್ಕೆ ನೀವು ಅಲ್ಲೇ ಇರುತ್ತೀರಿ. ಅಂದು ರಜೆ ಇಲ್ಲ, ಸಮಾರಂಭವೂ ಇಲ್ಲ. ಹಳೆಯ ಸಂಸತ್ತಿನ ಮೆಟ್ಟಿಲುಗಳು ಖಾಲಿ ಇರುತ್ತವೆ, ಆರಾಮವಾಗಿ ಕುಳಿತು ಫೋಟೊ ತೆಗೆಸಿಕೊಳ್ಳಬಹುದು.